ಶ್ರುತಿ ಕದಲುವುದನ್ನು ಕೇಳುವ ಬಗೆ

ಹೈದರಾಬಾದಿನ ಮೇ ತಿಂಗಳಲ್ಲಿ ಏಸಿ ಹಾಕಿ ಅರ್ಧ ಗಂಟೆಯಾಗುವಷ್ಟರಲ್ಲಿ ನನ್ನ ಕೋಣೆಯ ತಂಬೂರಿಯ ಶ್ರುತಿ ಕದಲಿರುತ್ತದೆ. ಪಕ್ಕದಲ್ಲಿರುವ ಅನಲಾಗ್ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹೊಮ್ಮಿಸುವ ವಾದ್ಯದ್ದೂ ಅದೇ ಕಥೆ. ತಂಬೂರಿಗೆ ಬಿರಡೆ, ಮಣಿ ಇದ್ದಂತೆ ಸಿಂಥ್‌ಗೆ ಟ್ಯೂನ್, ಫೈನ್ ಟ್ಯೂನ್ ಎಂಬ ತಿರುಗಣೆಗಳಿವೆ. ತಂಬೂರಿ ಕೇಳಿ ಬೆಳೆದವರಿಗೆ ಈ ವಾದ್ಯದ ಸವಿ ಹಿಡಿಯುವುದು ಕಷ್ಟವಲ್ಲ.

ಮೊದಲು ಒಂದೇ ಷಡ್ಜವನ್ನು ಹಿಡಿದು ನಿಲ್ಲಿಸಿ. ಸಿಂಥ್‌ನಲ್ಲಿ ನಾದ ಹುಟ್ಟಿಸುವ ಎರಡು ಆಸಿಲೇಟರ್‌ಗಳನ್ನು ತಂಬೂರಿಯ ನಡುವಿನ ಜೋಡಿ ತಂತಿಗಳೆಂದೇ ತಿಳಿಯಿರಿ. ಒಂದು ಸೆಕೆಂಡಿಗೆ 220 ಸಲ, ಇನ್ನೊಂದು 221 ಸಲ ಕಂಪಿಸಿದರೆ ನಾದ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಫೈನ್ ಟ್ಯೂನನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಈ ಅಲೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಮಣಿ ಸರಿಸುವಾಗ ಕಿವಿ ಹುಡುಕುವುದೂ ಇದನ್ನೇ.

ಈಗ ಕೈ ತೆಗೆದು ಕೇಳುತ್ತ ಕುಳಿತುಕೊಳ್ಳಿ. ಅಲೆ ಒಂದೇ ವೇಗದಲ್ಲಿ ಬರುತ್ತಿದ್ದರೆ ಅದು ನುಡಿಸುವವರು ಬೇಕೆಂದೇ ಇಟ್ಟ ಅಂತರ. ಅಲೆಯ ವೇಗವೇ ಬದಲಾಗುತ್ತಿದ್ದರೆ ಅದು ಡ್ರಿಫ್ಟ್, ಅಂದರೆ ಶ್ರುತಿ ತಾನಾಗಿ ಜರುಗುತ್ತಿದೆ. ರಸಿಕರು ಕಲಿಯಬೇಕಾದ ಮೊದಲ ಪಾಠ ಈ ವ್ಯತ್ಯಾಸ.

ಜರುಗುವುದಕ್ಕೆ ಕಾರಣ ಶಾಖ. ಇಂಥ ಸಿಂಥ್‌ಗಳಲ್ಲಿ ಸಾಮಾನ್ಯವಾಗಿ ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆ ಲೆಕ್ಕ ನೋಡಿಕೊಳ್ಳುವ ಟ್ರಾನ್ಸಿಸ್ಟರ್‌ಗೆ ಸೆಕೆ ತಡೆಯದು. ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ ಒಂದೊಂದು ಡಿಗ್ರಿಗೂ ಸ್ಥಾಯಿಯ ಅಳತೆ ಶೇಕಡಾ 0.3ರಷ್ಟು ತಪ್ಪುತ್ತದೆ. ಆದ್ದರಿಂದ ಕಚೇರಿಗೆ ಮುಂಚೆ ಇಪ್ಪತ್ತು ನಿಮಿಷವಾದರೂ ವಾದ್ಯ ಬಿಸಿಯಾಗಲಿ, ಆಮೇಲೆ ಶ್ರುತಿ ಸೇರಿಸಿ. ಮಂದ್ರ ಷಡ್ಜ ಸರಿಯಾಗಿದ್ದು ತಾರ ಷಡ್ಜ ತಪ್ಪುತ್ತಿದ್ದರೆ ಟ್ಯೂನ್ ತಿರುಗಿಸಿ ಫಲವಿಲ್ಲ. ಅಲ್ಲಿ ಹದಗೆಟ್ಟಿರುವುದು ಸ್ಕೇಲ್, ಅಂದರೆ ಸ್ಥಾಯಿಯಿಂದ ಸ್ಥಾಯಿಗೆ ಇರುವ ಅಳತೆ.

ತಯಾರಕರು ಈ ಚಂಚಲತೆಯ ಜೊತೆ ಬಹುಕಾಲ ಗುದ್ದಾಡಿದ್ದಾರೆ. 1978ರ ಪ್ರಾಫೆಟ್-5 ಎಂಬ ಸಿಂಥ್‌ನಲ್ಲಿ ಹತ್ತು ಆಸಿಲೇಟರ್‌ಗಳಿದ್ದವು. ಒಂದು ಗುಂಡಿ ಒತ್ತಿದರೆ ಒಳಗಿನ ಮೈಕ್ರೊಪ್ರೊಸೆಸರ್ ಅವುಗಳನ್ನು ಶ್ರುತಿಗೆ ತರುತ್ತಿತ್ತು. 1982ರ ರೋಲಾಂಡ್ ಜೂನೊ-60ರಲ್ಲಿ ಆಸಿಲೇಟರ್‌ಗಳನ್ನು ಡಿಜಿಟಲ್ ಗಡಿಯಾರವೇ ನಡೆಸುತ್ತಿದ್ದುದರಿಂದ ಶ್ರುತಿ ಅಷ್ಟಾಗಿ ಕದಲುತ್ತಿರಲಿಲ್ಲ. ಆದರೆ 2020ರಲ್ಲಿ ಪ್ರಾಫೆಟ್-5 ಮತ್ತೆ ಬಂದಾಗ ಅದರಲ್ಲಿ ವಿಂಟೇಜ್ ಎಂಬ ತಿರುಗಣೆ ಇತ್ತು. ಅದನ್ನು 4ರಿಂದ 1ರ ಕಡೆಗೆ ತಿರುಗಿಸಿದಂತೆ ಹಳೆಯ ವಾದ್ಯದ ಅಲುಗಾಟ ಮರಳುತ್ತದೆ. ಕಳೆದುಕೊಂಡದ್ದು ಏನೆಂದು ಕಿವಿಗಳಿಗೆ ತಿಳಿದಿತ್ತು.

ನಮ್ಮ ದೇಶಕ್ಕೂ ಸಿಂಥ್‌ನ ನಾದ ಹೊಸದಲ್ಲ. 1969ರಲ್ಲೇ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಕಟ್ಟಿಕೊಟ್ಟರು. ಅಲ್ಲಿ ಭಾರತೀಯರು ಮಾಡಿದ ಧ್ವನಿಮುದ್ರಣಗಳು ಇಂದು ಕೇಳಸಿಗುತ್ತವೆ.

ಹಳೆಯ ವಾದ್ಯದ ಅಲುಗಾಟವನ್ನು ಕಿವಿ ಬಯಸುತ್ತದೆ, ಹಾಗೆಂದು ಎಲ್ಲ ಅಲುಗಾಟವೂ ಸೊಗಸಲ್ಲ. ಎರಡು ನಾದಗಳು ಒಂದನ್ನೊಂದು ಬಿಡದೆ ಅಲೆಯುತ್ತಿದ್ದರೆ ಸ್ವರಕ್ಕೆ ಮೈ ತುಂಬುತ್ತದೆ. ಒಂದು ದಾರಿತಪ್ಪಿ ದೂರ ಸರಿದರೆ ಅದು ಅಪಶ್ರುತಿಯೇ, ಹಳೆಯ ವಾದ್ಯವೆಂಬ ನೆಪ ಅದಕ್ಕೆ ಸಲ್ಲದು. ಈ ಗೆರೆ ಎಲ್ಲಿದೆಯೆಂದು ಯಂತ್ರ ಹೇಳಲಾರದು. ರಾಗಕ್ಕೆ, ತಾಳಕ್ಕೆ ಆತುರಪಡಬೇಡಿ. ದಿನಕ್ಕೆ ಐದು ನಿಮಿಷ ಒಂದೇ ಷಡ್ಜ ಕೇಳಿ. ಆ ಗೆರೆಯನ್ನು ನಿಮ್ಮ ಕಿವಿಯೇ ಗುರುತಿಸುತ್ತದೆ.