ನಿಶಾನೆಗೆ ನೀರು, ಕಾರಿಗೆ ಕರೆ

ಕೋಣಗಳ ಓಟವಾದ ಕಂಬಳದ ಫಲಿತಾಂಶ ಪಟ್ಟಿಯಲ್ಲಿ ಕನೆಹಲಗೆ ಎಂಬ ವಿಭಾಗದ ಸಾಲನ್ನು ಓದುವ ಬಗೆಯೇ ಬೇರೆ. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ಓಟ ಶುರುವಾಗುವ ಗಂತಿನಿಂದ ಹೊರಟು ಕೊನೆಯ ಮಂಜೊಟ್ಟಿಯನ್ನು ಮೊದಲು ಮುಟ್ಟಿದ ಜೋಡಿ ಗೆದ್ದಿತು, ಮಾತು ಮುಗಿಯಿತು. ಕನೆಹಲಗೆಯಲ್ಲಿ ಹಾಗಲ್ಲ. ಓಟಗಾರ ಹಲಗೆಯ ಮೇಲೆ ನಿಂತಿರುತ್ತಾನೆ, ಹಲಗೆಯ ತೂತುಗಳಿಂದ ಕರೆಯ (ಓಟದ ಕೆಸರುಗದ್ದೆಯ) ನೀರು ಕಾರಂಜಿಯಾಗಿ ಏಳುತ್ತದೆ, ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಿತೇ ಎಂದು ತೀರ್ಪುಗಾರರು ಕತ್ತೆತ್ತಿ ನೋಡುತ್ತಾರೆ. 6.5 ಕೋಲು, 7.5 ಕೋಲು ಎಂಬ ಎತ್ತರವೇ ಅಲ್ಲಿ ಲೆಕ್ಕ. ಕೋಣಗಳು ಎಷ್ಟೇ ಬಿರುಸಾಗಿ ಓಡಲಿ, ಹಲಗೆಯ ಮೇಲಿನ ಕಾಲಿನ ಒತ್ತಡ ಹದ ತಪ್ಪಿದರೆ ನೀರು ಪಕ್ಕಕ್ಕೆ ಚದುರುತ್ತದೆ. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಮೇಲೆ, ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದ ಮೇಲೆ, ದೇಶಕ್ಕೆ ದೇಶವೇ ಗಡಿಯಾರ ಹಿಡಿದುಕೊಂಡು ಕಂಬಳ ನೋಡಿತು. ಆ ಗದ್ದಲದಲ್ಲಿ ಕನೆಹಲಗೆಯನ್ನು ಕೇಳುವವರಿರಲಿಲ್ಲ. ಕಂಬಳದ ಅತಿ ಸೂಕ್ಷ್ಮ ವಿಭಾಗ ಅದು ಎಂಬುದು ನನ್ನ ಅಭಿಪ್ರಾಯ. ಕಾರಿನ ಡ್ರಿಫ್ಟಿಂಗ್ ಸ್ಪರ್ಧೆಗೆ ಅರ್ಹತೆ ಗಳಿಸಬೇಕೆನ್ನುವ ಮಣಿಪಾಲ, ಕಾರ್ಕಳದ ಹುಡುಗರು ಮೊದಲು ನೋಡಬೇಕಾದದ್ದೂ ಅದನ್ನೇ.

ಯಾಕೆಂದರೆ ಡ್ರಿಫ್ಟಿಂಗ್ ಕೂಡ ಗಡಿಯಾರದ ಆಟವಲ್ಲ. ಹಿಂದಿನ ಚಕ್ರಗಳ ಹಿಡಿತ ಬೇಕೆಂದೇ ಬಿಡಿಸಿ, ಮುಂದಿನ ಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರಿನ ಮೇಲಿನ ಪಾದದಿಂದಲೇ ಕಾರನ್ನು ಅಡ್ಡಡ್ಡಲಾಗಿ ಸಾಗಿಸುವ ವಿದ್ಯೆ ಇದು. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಾಶಿ ರೇಸ್ ಟ್ರ್ಯಾಕಿನ ತಿರುವುಗಳಲ್ಲಿ ಇದನ್ನು ಬಳಸಿದರು. ಅವರನ್ನು ನೋಡಿ ಕಲಿತ ಕೇಯಿಚಿ ಸುಚಿಯಾ ಇದನ್ನು ಮನೆಮಾತು ಮಾಡಿದರು. 2000ದಲ್ಲಿ ಜಪಾನಿನಲ್ಲಿ ಡಿ1 ಗ್ರಾಂಡ್ ಪ್ರಿ, 2004ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಡ್ರಿಫ್ಟ್ ಶುರುವಾದವು. ಅರ್ಹತಾ ಸುತ್ತಿನಲ್ಲಿ ಚಾಲಕ ಒಬ್ಬನೇ ಟ್ರ್ಯಾಕಿಗೆ ಇಳಿಯುತ್ತಾನೆ. ತೀರ್ಪುಗಾರರು ಮೊದಲೇ ಗೆರೆಯೊಂದನ್ನು ಹೇಳಿರುತ್ತಾರೆ: ಇಲ್ಲಿ ಮುಂಬದಿಯ ಮೂಲೆ ಒಳಗಿನ ಗುರುತಿಗೆ ಸವರಿಕೊಂಡು ಹೋಗಬೇಕು, ಅಲ್ಲಿ ಹಿಂಬದಿ ಹೊರ ಅಂಚನ್ನು ತುಂಬಬೇಕು. ಆ ಗೆರೆಯನ್ನು ಎಷ್ಟು ನಿಷ್ಠೆಯಿಂದ ಹಿಡಿದ, ಎಷ್ಟು ಕೋನದಲ್ಲಿ, ಎಷ್ಟು ಲಾಲಿತ್ಯದಿಂದ ಎಂಬುದಕ್ಕೆ ಅಂಕ. ಕಾರು ಗಿರಕಿ ಹೊಡೆಯಿತೋ, ಆ ಓಟಕ್ಕೆ ಸೊನ್ನೆ. ಹವ್ಯಾಸಿ ಎಡವುವುದು ಇಲ್ಲೇ. ಹತ್ತು ಸಲ ಜಾರಿಸಿ ಒಂದು ಸಲ ಚೆಂದವಾಗಿ ಬಂದದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟವನಿಗೆ ತನಗೆ ಡ್ರಿಫ್ಟ್ ಬರುತ್ತದೆ ಅನ್ನಿಸುತ್ತದೆ. ಅರ್ಹತಾ ಸುತ್ತು ಕೇಳುವುದು ಆ ಒಂದನ್ನಲ್ಲ, ಬೇರೆಯವರು ಗುರುತು ಹಾಕಿದ ಜಾಗದಲ್ಲಿ, ಅವರು ಹೇಳಿದ ಹೊತ್ತಿಗೆ, ಅದನ್ನೇ ಮತ್ತೆ ಮಾಡಿ ತೋರಿಸುವುದನ್ನು.

ಆದ್ದರಿಂದ ರಸ್ತೆಯಲ್ಲಿ ಕಾರು ಜಾರಿಸುವವರ ಬಗ್ಗೆ ನನ್ನ ತಕರಾರು ಪೊಲೀಸರ ತಕರಾರಿಗಿಂತ ಒಂದು ಹೆಜ್ಜೆ ಮುಂದಿನದು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸರ್ಕಾರದ ಲಿಖಿತ ಅನುಮತಿಯಿಲ್ಲದೆ ರಸ್ತೆಯಲ್ಲಿ ರೇಸ್ ನಡೆಸುವುದನ್ನು ಅಪರಾಧವೆಂದಿದೆ; 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೀವಾಪಾಯದ ಮಾತು ಹೇಳಬೇಕಾಗಿಯೇ ಇಲ್ಲ. ಅದೆಲ್ಲ ಹಾಗಿರಲಿ, ಅದು ಅಭ್ಯಾಸವೂ ಅಲ್ಲ. ಮಣಿಪಾಲದ ಎಂಡ್ ಪಾಯಿಂಟ್ ಕಡೆಯ ರಸ್ತೆಯಲ್ಲಾಗಲಿ, ಕಟಪಾಡಿ–ಕಾಪು ನಡುವಿನ ಹೆದ್ದಾರಿಯಲ್ಲಾಗಲಿ ನಿಶಾನೆ ಎಲ್ಲಿದೆ? ಗುರುತಿಲ್ಲ, ಗೆರೆಯಿಲ್ಲ, ತಪ್ಪಾಯಿತು ಎನ್ನುವವರಿಲ್ಲ. ಬಟ್ಟೆ ಕಟ್ಟದೆ ನೀರು ಚಿಮ್ಮಿಸಿದ ಹಾಗೆ. ಮೇಲಾಗಿ ನಮ್ಮ ಮನೆಗಳ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯುವಂಥವು. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂಬದಿ ಒಂದು ಕ್ಷಣ ಜಾರೀತು. ಆ ಜಾರಿಕೆಯನ್ನು ಆಕ್ಸಿಲರೇಟರಿನಿಂದ ಕಾಪಾಡಿಕೊಂಡು ಹೋಗಲು ಬರುವುದಿಲ್ಲ. ಅದು ಜಾರುವಿಕೆಯ ಅಣಕು, ಅಷ್ಟೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಜಾಗವೆಲ್ಲಿದೆ ಸ್ವಾಮಿ? ಸರಿಯಾದ ರೇಸ್ ಟ್ರ್ಯಾಕ್ ಬೇಕೆಂದರೆ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. ಜಪಾನಿನವರೂ ಬೆಟ್ಟದ ರಸ್ತೆಗಳಲ್ಲೇ ಕಲಿತದ್ದಲ್ಲವೇ? ಬೆಟ್ಟದ ಕಥೆ ಅರ್ಧ ಸತ್ಯ. ವಿದ್ಯೆ ಟ್ರ್ಯಾಕಿನಲ್ಲಿ ಹುಟ್ಟಿ ಬೆಟ್ಟಕ್ಕೆ ಹೋಯಿತು, ಸ್ಪರ್ಧೆಯಾಗುವಾಗ ಮತ್ತೆ ಟ್ರ್ಯಾಕಿಗೇ ಇಳಿಯಿತು. (ಆಗುಂಬೆಯ 14 ತಿರುವುಗಳನ್ನು ಕನಸಿನಲ್ಲಿ ಕಾಣುವವರು ಎದುರಿಗೆ ಬರುವ ಬಸ್ಸನ್ನೂ ಕನಸಿನಲ್ಲೇ ಕಾಣುವುದು ಒಳ್ಳೆಯದು.) ಇನ್ನು ಜಾಗದ ಲೆಕ್ಕ. ಮಣಿಪಾಲದ ಎಂಐಟಿಯ ವಿದ್ಯಾರ್ಥಿಗಳು ಫಾರ್ಮುಲಾ ಮಣಿಪಾಲ್ ಎಂಬ ತಂಡ ಕಟ್ಟಿಕೊಂಡು ತಾವೇ ರೇಸ್ ಕಾರು ತಯಾರಿಸಿ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಆ ಸ್ಪರ್ಧೆಯ ಸ್ಕಿಡ್‌ಪ್ಯಾಡ್ ಎಂಬ ಪರೀಕ್ಷೆಯಲ್ಲಿ ಇಂಗ್ಲಿಷಿನ ಎಂಟರ ಆಕಾರಕ್ಕೆ ಎರಡು ವೃತ್ತ. ಒಳ ವೃತ್ತದ ವ್ಯಾಸ 15.25 ಮೀಟರ್, ಕೇಂದ್ರಗಳ ನಡುವೆ 18.25 ಮೀಟರ್, ದಾರಿಯ ಅಗಲ 3 ಮೀಟರ್. ಕೂಡಿಸಿ ನೋಡಿದರೆ ಇಡೀ ಅಂಕಣ 40 ಮೀಟರ್ ಉದ್ದ, 22 ಮೀಟರ್ ಅಗಲದೊಳಗೆ ಮುಗಿಯಿತು. ಅಂದರೆ ಐಕಳದ ಆ ಓಟದ ಉದ್ದದಲ್ಲಿ ಮೂರನೇ ಒಂದು ಪಾಲೂ ಬೇಡ. ಜಾರಿ ಹೊರಹೋಗುವ ಕಾರಿಗೆ ಸುತ್ತಲೂ ಖಾಲಿ ಜಾಗ ಬೇಕು, ಒಪ್ಪೋಣ. ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬಿಟ್ಟರೂ ಅದು ಎರಡು ಕರೆಗಳಿರುವ ಜೋಡುಕರೆ ಕಂಬಳದ ಬಯಲಿಗಿಂತ ದೊಡ್ಡದೇನೂ ಆಗದು. ಜಾರುವಿಕೆಯ ಮೊದಲ ಪಾಠ ವೃತ್ತ, ಎರಡನೆಯದು ಎಂಟು. ಅರ್ಹತೆಯ ಮಾತು ಆಮೇಲಿನದು.

ಟೈರು ಸವೆದು ಹಣ ಮುಗಿಯುತ್ತದಲ್ಲ ಎಂದರೆ, ಅದಕ್ಕೆ ಮದ್ದು ನೀರು. ಒದ್ದೆ ಕಾಂಕ್ರೀಟಿನಲ್ಲಿ ಹಿಡಿತ ಕಡಿಮೆ. ಆದ್ದರಿಂದ ಕಡಿಮೆ ವೇಗದಲ್ಲೇ, ಕಡಿಮೆ ಶಕ್ತಿಯ ಎಂಜಿನ್ನಿನಿಂದಲೇ ಕಾರು ಜಾರುತ್ತದೆ, ರಬ್ಬರೂ ಉಳಿಯುತ್ತದೆ. ಹಿಂದಿನ ಚಕ್ರ ತಿರುಗಿಸುವ ಹಳೆಯ ಅಂಬಾಸಿಡರ್ ಕೂಡ ಅಲ್ಲಿ ಮೇಷ್ಟರಾದೀತು.

ಕಂಬಳ ಬೇಸಾಯದ, ದೈವದ, ಗುತ್ತಿನ ಮನೆಗಳ ಆಚರಣೆ. ಕಾರು ಹಣವಂತರ ಆಟಿಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುವವರ ಮಾತಿನಲ್ಲಿ ಮಾತ್ರ ನಿಜವಾದ ತೂಕವಿದೆ. ಕೋಣ ಯಂತ್ರವಲ್ಲ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಆಕ್ಷೇಪ ತನಗರಿವಿಲ್ಲದೆ ನನ್ನ ವಾದಕ್ಕೇ ಒದಗುತ್ತದೆ. ಕಂಬಳದಲ್ಲಿ ಯಜಮಾನ ಬೇರೆ, ಓಟಗಾರ ಬೇರೆ. ಕೋಣ ಸಾಕುವಷ್ಟು ಆಸ್ತಿಯಿಲ್ಲದ ಹುಡುಗನೂ ಕಾಲಿನ ಬಲದಿಂದ ಹೆಸರು ಮಾಡಬಹುದು. ಅದಕ್ಕೆಂದೇ ಗುಣಪಾಲ ಕಡಂಬರು ಕಾರ್ಕಳದ ಮಿಯಾರಿನಲ್ಲಿ ಕಂಬಳ ಅಕಾಡೆಮಿ ನಡೆಸಿದರು; ಅಪ್ಪನ ಹಿಂದೆ, ಮಾವನ ಹಿಂದೆ ಓಡುತ್ತ ಕಲಿಯುತ್ತಿದ್ದ ವಿದ್ಯೆಗೆ ಶಿಬಿರ, ವ್ಯಾಯಾಮ, ಶಿಸ್ತು ಬಂದವು. ಕಾನೂನಿನ ಶಿಸ್ತಿಗೂ ಕಂಬಳ ಒಗ್ಗಿತು. ಅದಕ್ಕೆ ಕೋರ್ಟಿನ ಅಡ್ಡಿ ಬಂದದ್ದು 2014ರಲ್ಲಿ. ರಾಜ್ಯ ಕಾನೂನನ್ನು ತಿದ್ದಿತು, ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಬರೀ ಸಂಪ್ರದಾಯದ ಹೆಸರು ಹೇಳಿ ಗೆದ್ದದ್ದಲ್ಲ, ಕಾನೂನಿನ ಚೌಕಟ್ಟಿಗೆ ಒಗ್ಗಿಕೊಂಡು ಗೆದ್ದದ್ದು. ಡ್ರಿಫ್ಟಿಂಗ್ ಹವ್ಯಾಸಿಯೋ ಯಜಮಾನನೂ ತಾನೇ, ಓಟಗಾರನೂ ತಾನೇ. ಅವನ ಕೊರತೆ ಧೈರ್ಯದ್ದಲ್ಲ, ಒಂದು ಸಾಮೂಹಿಕ ಕಾರು ಮತ್ತು ಗುರುತು ಹಾಕಿದ ಒಂದು ಅಂಗಳದ್ದು. ಕ್ಲಬ್ಬೊಂದು ಒಂದು ಕಾರಿಟ್ಟು, ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ನಿಯಮ, ಹೆಲ್ಮೆಟ್, ಆಂಬುಲೆನ್ಸ್ ಎಲ್ಲ ಪಾಲಿಸಿ, ವಾರಕ್ಕೊಂದು ದಿನ ಬೇಲಿಯೊಳಗೆ ಹತ್ತು ಹುಡುಗರಿಗೆ ಸರದಿಯಲ್ಲಿ ಸ್ಟೇರಿಂಗ್ ಕೊಟ್ಟರೆ, ಅರ್ಹತೆಗೆ ಯೋಗ್ಯರು ಯಾರೆಂಬುದು ಒಂದೇ ಮಳೆಗಾಲದಲ್ಲಿ ತಿಳಿದೀತು. ನೀರು ಹಾಯಿಸುವ ಖರ್ಚಂತೂ ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾರದು.