ಯಾರನ್ನು ಸಾಯಿಸಲಿ ಅಂತ ಕೇಳುವ ಮುಂಚೆ

ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನಮ್ಮ ಟೀಮಿನ ಹುಡುಗನೊಬ್ಬ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ, "ಬನ್ನಿ, ನೀವು ಯಾರನ್ನ ಸಾಯಿಸ್ತೀರಾ ನೋಡೋಣ" ಅಂದ. ಅದು ಎಂಐಟಿ ಸಂಶೋಧಕರು 2016ರಲ್ಲಿ ಶುರು ಮಾಡಿದ 'ಮಾರಲ್ ಮಷೀನ್'. ಪರದೆಯ ಮೇಲೆ ಚಾಲಕನಿಲ್ಲದ ಒಂದು ಕಾರು, ಬ್ರೇಕ್ ಫೇಲ್. ನೇರ ಹೋದರೆ ಒಂದು ಗುಂಪು ಸಾಯುತ್ತೆ, ಪಕ್ಕಕ್ಕೆ ತಿರುಗಿದರೆ ಇನ್ನೊಂದು. ಒಂದು ಕಡೆ ಡಾಕ್ಟರು, ಗರ್ಭಿಣಿ, ಪುಟ್ಟ ಹುಡುಗಿ. ಇನ್ನೊಂದು ಕಡೆ ಮುದುಕ, ಕಳ್ಳ, ಮನೆಯಿಲ್ಲದವನು, ಕೆಲವೊಮ್ಮೆ ನಾಯಿ ಬೆಕ್ಕು. ಇಂಥ 13 ಸನ್ನಿವೇಶ. ಕೊನೆಗೆ ನೀವು ಯಾರನ್ನು ಹೆಚ್ಚು ಉಳಿಸಿದಿರಿ, ಯಾರನ್ನು ಹೆಚ್ಚು ಸಾಯಿಸಿದಿರಿ ಅಂತ ಲೆಕ್ಕ ಕೊಡುತ್ತೆ.

ನನ್ನ ಲೆಕ್ಕ ಬಂತು. ಹೆಚ್ಚು ಉಳಿಸಿದ್ದು ಪುಟ್ಟ ಹುಡುಗಿಯನ್ನು, ಹೆಚ್ಚು ಸಾಯಿಸಿದ್ದು ಮುದುಕನನ್ನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಕ್ಯಾಬಿನಲ್ಲಿ ಕೂತಾಗ ನಗು ಬರಲಿಲ್ಲ. ಅಪ್ಪನಿಗೆ ಈಗ ಎಪ್ಪತ್ತೊಂದು. ದಿನಾ ಸಂಜೆ ಮುಖ್ಯರಸ್ತೆ ದಾಟಿ ಹೋಗಿ ಹಾಲು ತರ್ತಾರೆ.

ಈ ಪ್ರಯೋಗವನ್ನು ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. 233 ದೇಶ, ಪ್ರಾಂತ್ಯಗಳಿಂದ ಹತ್ತಿರ ಹತ್ತಿರ 4 ಕೋಟಿ ಉತ್ತರ ಬಂದವು. 2018ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಬಂಧ ಬಂತು. ಬೇರು ಹಳೆಯದು: ತತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಮುಂದಿಟ್ಟ ಟ್ರಾಲಿ ಸಮಸ್ಯೆ. ಆ ಟ್ರಾಲಿಗೆ ಇವರು ಸ್ಟೀರಿಂಗ್ ಇಲ್ಲದ ಕಾರಿನ ವೇಷ ಹಾಕಿದರು. ಒಂದು ವಿಶ್ವವಿದ್ಯಾಲಯದ ಸಂಶೋಧನೆ ಜನ ಊಟದ ಟೇಬಲ್ಲಲ್ಲಿ ಕೂತು ಜಗಳ ಆಡೋ ಹಾಗೆ ಮಾಡಿತು ಅನ್ನೋದು ಸಣ್ಣ ಮಾತಲ್ಲ. ಜನ ಹೇಳಿದ್ದನ್ನೇ ಕಾನೂನು ಮಾಡಿ ಅಂತ ಲೇಖಕರೂ ಹೇಳಲಿಲ್ಲ. ಮನುಷ್ಯರಲ್ಲಿ ವಯಸ್ಸು, ಲಿಂಗ ನೋಡಿ ಆಯ್ಕೆ ಮಾಡಕೂಡದು ಅಂತ ಜರ್ಮನಿಯ ಆಯೋಗ 2017ರಲ್ಲೇ ಹೇಳಿದ್ದನ್ನು ಅವರೇ ಪ್ರಸ್ತಾಪಿಸುತ್ತಾರೆ.

ಹಾಗಾದ್ರೆ ನನ್ನ ತಕರಾರೇನು? ಉತ್ತರಗಳ ಬಗ್ಗೆ ಅಲ್ಲ, ಪ್ರಶ್ನೆಯ ಬಗ್ಗೆ.

ಆ ಆಟದಲ್ಲಿ ಕಾರಿಗೆ ಎಲ್ಲವೂ ಗೊತ್ತು. ಎದುರಿಗಿರೋನು ಡಾಕ್ಟರೋ ಕಳ್ಳನೋ, ಹೆಂಗಸು ಬಸುರಿಯೋ ಅಲ್ಲವೋ, ಎಲ್ಲ ಕ್ಷಣಾರ್ಧದಲ್ಲಿ ಗೊತ್ತಾಗುತ್ತೆ. ಗೊತ್ತಾದ ಮೇಲೆ ಅದಕ್ಕೆ ಧರ್ಮಸಂಕಟ. ಕಾರಿನ ಕಣ್ಣು ಪರಿಪೂರ್ಣ, ಮನಸ್ಸು ಮಾತ್ರ ಗೊಂದಲದಲ್ಲಿ.

ನಿಜದಲ್ಲಿ ಏನಾಯ್ತು ನೋಡಿ. ಆ ಪ್ರಬಂಧ ಬರುವುದಕ್ಕೆ ಏಳು ತಿಂಗಳ ಮುಂಚೆ, 2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾದ ಟೆಂಪೆಯಲ್ಲಿ ಉಬರ್ ಕಂಪನಿಯ ಪ್ರಾಯೋಗಿಕ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಉಳಿಯಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿ ಓದಿದರೆ ಹೊಟ್ಟೆ ತೊಳಸುತ್ತೆ. ಗುದ್ದುವುದಕ್ಕೆ 5.6 ಸೆಕೆಂಡ್ ಮುಂಚೆಯೇ ಕಾರಿಗೆ ಏನೋ ಇದೆ ಅಂತ ಕಂಡಿತ್ತು. ಏನು ಅಂತ ಗೊತ್ತಾಗಲಿಲ್ಲ. ಒಮ್ಮೆ ವಾಹನ ಅಂದಿತು, ಒಮ್ಮೆ 'ಬೇರೆ ಏನೋ' ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಿಸಿದಾಗಲೆಲ್ಲ ಅದು ಅಲ್ಲಿಯವರೆಗೆ ಹೇಗೆ ಚಲಿಸಿತ್ತು ಅನ್ನೋ ಲೆಕ್ಕವನ್ನೂ ಮರೆತು ಹೊಸದಾಗಿ ಶುರು ಮಾಡಿತು. ಜೀಬ್ರಾ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಅನ್ನೋದನ್ನೇ ಆ ವ್ಯವಸ್ಥೆಯ ವಿನ್ಯಾಸದಲ್ಲಿ ಲೆಕ್ಕಕ್ಕೆ ತಗೊಂಡಿರಲಿಲ್ಲ. ಸುಳ್ಳು ಎಚ್ಚರಿಕೆಗಳಿಗೆಲ್ಲ ಬ್ರೇಕ್ ಹಾಕಬಾರದು ಅಂತ, ಅಪಾಯ ಕಂಡ ಮೇಲೂ ಒಂದು ಸೆಕೆಂಡ್ ಕಾಯುವ ಹಾಗೆ ಮಾಡಿದ್ದರು. ಆ ವೋಲ್ವೊ ಗಾಡಿಯಲ್ಲಿ ಮೊದಲಿಂದಲೇ ಇದ್ದ ತುರ್ತು ಬ್ರೇಕ್ ವ್ಯವಸ್ಥೆ ಆ ಹೊತ್ತಿನಲ್ಲಿ ಆಫ್ ಆಗಿತ್ತು. ಒಳಗೆ ಕಾವಲಿಗೆ ಕೂತಿದ್ದ ಚಾಲಕಿಯ ಕಣ್ಣು ಫೋನಿನ ಮೇಲಿತ್ತು.

ಆಕೆಗೆ ಮನೆಯಿರಲಿಲ್ಲ ಅಂತ ಆಗ ಪತ್ರಿಕೆಗಳು ಬರೆದವು. ಮಾರಲ್ ಮಷೀನಿನಲ್ಲೂ 'ಮನೆಯಿಲ್ಲದವರು' ಅಂತ ಒಂದು ಪಾತ್ರ ಇದೆ, ಅವರನ್ನು ಉಳಿಸಬೇಕೋ ಬೇಡವೋ ಅಂತ ಪ್ರಪಂಚವೆಲ್ಲ ಗುಂಡಿ ಒತ್ತಿದೆ. ಟೆಂಪೆಯ ಕಾರು ಆ ಪ್ರಶ್ನೆಯವರೆಗೆ ಹೋಗಲೇ ಇಲ್ಲ. ಅದಕ್ಕೆ ಧರ್ಮಸಂಕಟವೇ ಇರಲಿಲ್ಲ. ತಪ್ಪು ನಡೆದದ್ದು ಆ ರಾತ್ರಿಗಿಂತ ಎಷ್ಟೋ ಮುಂಚೆ, ಎಸಿ ಆಫೀಸಿನಲ್ಲಿ ಕೂತು ಯಾವುದನ್ನು ಮನುಷ್ಯ ಅಂತ ಕರೆಯಬೇಕು, ಎಲ್ಲಿದ್ದರೆ ಕರೆಯಬೇಕು ಅಂತ ತೀರ್ಮಾನ ಮಾಡಿದಾಗ. ನಮ್ಮಂಥವರೇ ಮಾಡಿದ್ದು, ಡೆಡ್‌ಲೈನ್ ಇದ್ದವರು, 'ಇದನ್ನ ಮುಂದಿನ ರಿಲೀಸಿನಲ್ಲಿ ನೋಡೋಣ' ಅಂದವರು.

ಇನ್ನೊಂದು ತಕರಾರು ಫಲಿತಾಂಶ ಓದುವ ರೀತಿಯ ಬಗ್ಗೆ. ಬಡ ದೇಶಗಳ, ಕಾನೂನಿನ ಹಿಡಿತ ಸಡಿಲವಿರುವ ದೇಶಗಳ ಜನ, ನಿಯಮ ಮೀರಿ ರಸ್ತೆ ದಾಟುವವರ ಬಗ್ಗೆ ಹೆಚ್ಚು ಸಹನೆ ತೋರಿಸಿದರಂತೆ. ನಿಯಮ ಪಾಲಿಸೋ ಅಭ್ಯಾಸ ಕಡಿಮೆ, ಅದಕ್ಕೇ ಹೀಗೆ ಅನ್ನೋ ಅರ್ಥದ ವಿವರಣೆ ಕೊಡುತ್ತಾರೆ. ನನಗೆ ಹಾಗನ್ನಿಸಲ್ಲ. ಒಂದು ಕಿಲೋಮೀಟರ್ ನಡೆದರೂ ಜೀಬ್ರಾ ಸಿಗದ, ಸಿಕ್ಕರೂ ಬಣ್ಣ ಅಳಿಸಿಹೋಗಿರುವ ರಸ್ತೆಯಲ್ಲಿ 'ನಿಯಮ ಮೀರಿ ದಾಟುವವನು' ಅಂದರೆ ಯಾರು? ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಪಾರ್ಕ್ ಮಾಡಿದ ಬೈಕು, ಕಿತ್ತುಹೋದ ಕಲ್ಲು. ರಸ್ತೆಗಿಳಿಯದೆ ನಡೆಯೋದಾದರೂ ಹೇಗೆ? ಇಂಥ ಊರಿನವನು ಆ ಗುಂಡಿ ಒತ್ತುವಾಗ ಕಾನೂನಿಗೆ ಅಗೌರವ ತೋರಿಸುತ್ತಿಲ್ಲ, ತನ್ನ ಅಪ್ಪನನ್ನು ನೆನಪಿಸಿಕೊಳ್ಳುತ್ತಿದ್ದಾನೆ. ಪ್ರಯೋಗದ ಚಿತ್ರದಲ್ಲಿ ಮಾತ್ರ ಎಲ್ಲ ಕಡೆ ಸ್ಪಷ್ಟ ಜೀಬ್ರಾ, ಸ್ಪಷ್ಟ ಸಿಗ್ನಲ್ಲು.

ಇದರ ಪಕ್ಕದಲ್ಲಿ ಇನ್ನೊಂದು ಸಂಶೋಧನೆ ಇಡಬೇಕು ಅನ್ಸುತ್ತೆ. ಅದರ ಬಗ್ಗೆ ಯಾರೂ ಊಟದ ಹೊತ್ತಲ್ಲಿ ಮಾತಾಡಲ್ಲ. ಚಾಲಕನಿಲ್ಲದ ಕಾರಿಗೆ ರಸ್ತೆ ನೋಡೋದು ಕಲಿಸಲು ಸಂಶೋಧಕರು ಬಹಳವಾಗಿ ಬಳಸಿದ್ದು 'ಸಿಟಿಸ್ಕೇಪ್ಸ್' ಅನ್ನೋ ಚಿತ್ರಸಂಗ್ರಹ. 50 ಊರುಗಳ ಬೀದಿ, ಬಹುಪಾಲು ಜರ್ಮನಿಯದು. ಹೈದರಾಬಾದಿನ ಐಐಐಟಿಯವರು ಇಂಟೆಲ್ ಜೊತೆ ಸೇರಿ 2018ರಲ್ಲಿ 'ಇಂಡಿಯಾ ಡ್ರೈವಿಂಗ್ ಡೇಟಾಸೆಟ್' ಹೊರತಂದರು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತ ಕಾರಿಗೆ ಕ್ಯಾಮೆರಾ ಕಟ್ಟಿಕೊಂಡು ಓಡಾಡಿ ತೆಗೆದ 10,000 ಚಿತ್ರಗಳು. ಪ್ರತಿ ಚಿತ್ರದಲ್ಲೂ ಯಾವುದು ಏನು ಅಂತ ಗೆರೆ ಎಳೆದು ಗುರುತು ಹಾಕಿದ್ದಾರೆ. ಒಟ್ಟು 34 ಬಗೆಯ ಹೆಸರು.

ಆ ಹೆಸರುಗಳ ಪಟ್ಟಿ ಓದಿ ನನಗೆ ಖುಷಿಯಾಯ್ತು. ಆಟೋರಿಕ್ಷಾಕ್ಕೆ ಬೇರೆಯೇ ಹೆಸರು. ಪ್ರಾಣಿಗೂ ಒಂದು. ಟಾರಿನ ಪಕ್ಕದ ಮಣ್ಣಿಗೂ ಒಂದು; ಅದು ರಸ್ತೆಯಲ್ಲ, ಆದರೂ ಗಾಡಿ ಹೋಗುತ್ತೆ. ಆ ಮಣ್ಣಿನ ಪಟ್ಟಿ ಏನು ಅಂತ ನಮ್ಮೂರಲ್ಲಿ ಬೈಕ್ ಓಡಿಸಿದವರಿಗೆಲ್ಲ ಗೊತ್ತು. ಯುರೋಪಿನ ಚಿತ್ರಗಳಿಂದ ಕಲಿತ ಯಂತ್ರ ಈ ರಸ್ತೆಗಳಲ್ಲಿ ತಡವರಿಸುತ್ತೆ ಅಂತ ಅವರ ಪ್ರಬಂಧ ತೋರಿಸಿತು. ಟೆಂಪೆಯ ಪಾಠವೂ ಅದೇ ಅಲ್ವಾ? ಹೆಸರಿಲ್ಲದ್ದು ಯಂತ್ರಕ್ಕೆ ಕಾಣಲ್ಲ, ಕಾಣದಿದ್ದಕ್ಕೆ ಅದು ಬ್ರೇಕ್ ಹಾಕಲ್ಲ. ಯಾರನ್ನು ಸಾಯಿಸಲಿ ಅಂತ 4 ಕೋಟಿ ಸಲ ಕೇಳಿದ ಪ್ರಯೋಗಕ್ಕಿಂತ, ಎದುರಿಗೆ ಏನೇನಿದೆ ಅಂತ 10,000 ಸಲ ತಾಳ್ಮೆಯಿಂದ ಗೆರೆ ಎಳೆದ ಈ ಕೆಲಸದಲ್ಲಿ ನೀತಿ ಹೆಚ್ಚಿದೆ ಅಂತ ನನ್ನ ಅಭಿಪ್ರಾಯ.

ಹಾಗಂತ ಇದನ್ನೂ ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಇಲ್ಲೂ ಒಂದು ಕೊರತೆ ಇದೆ. ಅಪ್ಪ ರಸ್ತೆ ದಾಟೋದು ಕೈ ಎತ್ತಿ. ಬರುವ ಗಾಡಿಯವನ ಮುಖ ನೋಡ್ತಾರೆ, ಅಂಗೈ ತೋರಿಸ್ತಾರೆ, ಅವನು ಸ್ವಲ್ಪ ನಿಧಾನ ಮಾಡ್ತಾನೆ, ಇವರು ಒಂದು ಹೆಜ್ಜೆ ಇಡ್ತಾರೆ. ಅರ್ಧ ರಸ್ತೆಯಲ್ಲಿ ನಿಂತು ಮತ್ತೊಬ್ಬನ ಜೊತೆ ಇದೇ ಮಾತುಕತೆ. ನಮ್ಮ ಸಂಚಾರದ ಸಂವಿಧಾನ ಇರೋದೇ ಆ ಅಂಗೈಯಲ್ಲಿ. ಚಿತ್ರದಲ್ಲಿ ಅವರಿಗೆ 'ವ್ಯಕ್ತಿ' ಅಂತ ಹೆಸರು ಕೊಡಬಹುದು, ಆ ಕೈ ಕೇಳುತ್ತಿರುವ ಮಾತಿಗೆ 34 ಹೆಸರುಗಳಲ್ಲಿ ಜಾಗವಿಲ್ಲ.

ಇನ್ನೊಂದು ಕಹಿ ಸತ್ಯ. ಸರ್ಕಾರದ್ದೇ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇವರನ್ನು ಉಳಿಸೋಕೆ ಚಾಲಕನಿಲ್ಲದ ಕಾರು ಬರೋವರೆಗೆ ಕಾಯಬೇಕಾಗಿಲ್ಲ. ವೇಗ ತಗ್ಗಿಸೋದು, ನಡೆಯೋಕೆ ಜಾಗ ಬಿಡೋದು, ದಾಟೋಕೆ ಹೊತ್ತು ಕೊಡೋದು: ಐಐಟಿ ದೆಹಲಿಯಲ್ಲಿ ದಿನೇಶ್ ಮೋಹನ್ ಅಂಥವರು ದಶಕಗಟ್ಟಲೆ ದುಡಿದದ್ದು ರಸ್ತೆಯನ್ನು ಹೀಗೆ ಸುರಕ್ಷಿತ ಮಾಡೋದರ ಬಗ್ಗೆ. ಅದೂ ವಿಶ್ವವಿದ್ಯಾಲಯದ ಸಂಶೋಧನೆಯೇ. ಅದಕ್ಕೆ ಆಟದ ರೂಪ ಇಲ್ಲ, ಹಾಗಾಗಿ ಹಂಚಿಕೊಳ್ಳೋರೂ ಕಡಿಮೆ.

ಮಾರನೇ ದಿನ ಆ ಹುಡುಗ ಮತ್ತೆ ಕೇಳಿದ, "ಸರ್, ಇನ್ನೊಂದು ರೌಂಡ್ ಆಡ್ತೀರಾ?" ಬೇಡ ಅಂದೆ. ಆ ಆಟದಲ್ಲಿ ಒತ್ತೋಕೆ ಇರೋದು ಎರಡೇ ಗುಂಡಿ, ಎರಡರಲ್ಲೂ ಯಾರೋ ಸಾಯ್ತಾರೆ. ಮುಂಚೆಯೇ ನಿಧಾನ ಮಾಡು ಅನ್ನೋ ಮೂರನೇ ಗುಂಡಿ ಅದರಲ್ಲಿಲ್ಲ. ಅಪ್ಪ ದಿನಾ ಸಂಜೆ ಕೈ ಎತ್ತಿ ಕೇಳ್ತಿರೋದು ಅದೊಂದನ್ನೇ.