ನರ್ತಕನೂ ನಾಯಿಕೆಯೂ

ಪದವೊಂದರಲ್ಲಿ ವಿರಹವನ್ನು ತೋಡಿಕೊಳ್ಳುವ ನಾಯಿಕೆ ಯಾರು? ನರ್ತಿಸುವ ವ್ಯಕ್ತಿಯೇ, ಆ ವ್ಯಕ್ತಿ ತಾಳಿದ ಭಾವವೇ? ಅಮೆರಿಕದ ರಂಗನೃತ್ಯವೂ ಅಡ್ಯಾರಿನ ರಂಗವೂ ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಹೋಲಿಸಿದಲ್ಲಿ ಎರಡರ ಗುಣದೋಷಗಳೂ ವಿಶದವಾಗುತ್ತವೆ.

ಅಮೆರಿಕದ ಟೆಡ್ ಷಾನ್ 1926ರಲ್ಲಿ ಶಿವತಾಂಡವವನ್ನು ಕುರಿತು ನೃತ್ಯವೊಂದನ್ನು ರಚಿಸಿದವರು. 1933ರಲ್ಲಿ ಗಂಡಸರದೇ ತಂಡವನ್ನು ಕಟ್ಟಿ 1940ರವರೆಗೆ ನಡೆಸಿದರು. ಕುಣಿತವು ಗಂಡಸಿಗೆ ತಕ್ಕುದಲ್ಲವೆಂಬ ತಾತ್ಸಾರವನ್ನಳಿಸಲು ಅವರು ದುಡಿಮೆ, ಕ್ರೀಡೆಗಳ ಚಲನೆಯನ್ನು ರಂಗಕ್ಕೆ ತಂದರು. ಸಾಹಸವೇನೋ ದೊಡ್ಡದು, ಆದರೆ ಗಂಡಿನ ನೃತ್ಯವು ಗಂಡಸುತನಕ್ಕೆ ಸಾಕ್ಷಿ ನುಡಿಯಲೇಬೇಕೆಂಬ ಹೊಸ ಕಟ್ಟು ಅದರಿಂದಲೇ ಹುಟ್ಟಿತು. ಪುರುಷರನ್ನೇ ಪ್ರೀತಿಸುತ್ತಿದ್ದ ಷಾನ್ ತಮ್ಮ ಬಾಳಿನ ಆ ಸತ್ಯವನ್ನು ಬಹಿರಂಗವಾಗಿ ನುಡಿಯುವಂತಿರಲಿಲ್ಲ.

ಕನ್ನಡಿಗರಿಗೆ ವೇಷ ಬೇರೆ, ವ್ಯಕ್ತಿ ಬೇರೆ ಎಂಬುದು ಹೊಸ ಮಾತಲ್ಲ. ಯಕ್ಷಗಾನದ ಸ್ತ್ರೀವೇಷಧಾರಿ ಬಣ್ಣ ಕಳಚಿದೊಡನೆ ಗೃಹಸ್ಥ. ಶರಣಸತಿ ಲಿಂಗಪತಿ ಭಾವದಲ್ಲಿ ವಚನಕಾರ ಪುರುಷನೂ ಸತಿಯೇ. ಬೆಂಗಳೂರಿನ ರಾಮಗೋಪಾಲ್ ಅಮೆರಿಕದ ಲಾ ಮೇರಿಯವರೊಡನೆ ಪ್ರವಾಸ ಹೊರಟು ಜಗತ್ಪ್ರಸಿದ್ಧರಾದರು. ಆಭರಣವನ್ನಾಗಲಿ ಲಾಲಿತ್ಯವನ್ನಾಗಲಿ ಅವರು ಬಿಟ್ಟುಕೊಡಲಿಲ್ಲ. ಮದರಾಸಿನ ವಕೀಲ ಇ. ಕೃಷ್ಣಯ್ಯರ್ ಸ್ತ್ರೀವೇಷ ತೊಟ್ಟು ಸದಿರನ್ನಾಡಿದರು. ಅದರಿಂದ ಅವರ ಕುಲಕ್ಕಾಗಲಿ ವೃತ್ತಿಗಾಗಲಿ ಕುಂದು ಬರಲಿಲ್ಲ.

ಈ ಔದಾರ್ಯವು ಎಲ್ಲರಿಗೂ ಸಮನಾಗಿ ಸಲ್ಲಲಿಲ್ಲವೆಂಬುದೇ ವಿಮರ್ಶೆಗೆ ಒಳಗಾಗಬೇಕಾದ ಸಂಗತಿ. ವಕೀಲನೊಬ್ಬ ನಾಯಿಕೆಯಾದರೆ ಅದು ಅಭಿನಯ. ದೇವದಾಸಿ ಮನೆತನದ ಹೆಣ್ಣು ನಾಯಿಕೆಯಾದರೆ ಅದು ಅವಳ ನಡತೆ! ಹಾಡಿನ ಶೃಂಗಾರವನ್ನು ಸಮಾಜವು ಅವಳ ಮೈಗೇ ಅಂಟಿಸಿತು. 1935ರ ಡಿಸೆಂಬರಿನಲ್ಲಿ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಆವರಣದಲ್ಲಿ ರುಕ್ಮಿಣೀದೇವಿ ನರ್ತಿಸಿದುದು, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದುದು ಈ ಕಳಂಕಕ್ಕೆ ಇದಿರಾಗಿಯೇ. ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಿಂದ ಕಲಿತ ವಿದ್ಯೆಗೆ ಅವರು ಶಿಸ್ತನ್ನೂ ಗೌರವವನ್ನೂ ದೊರಕಿಸಿದರು. ಗೃಹಸ್ಥರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬಾಗಿಲು ತೆರೆದರು. ಇದು ಅಲ್ಪ ಸಾಧನೆಯಲ್ಲ. ಆದರೆ ಆ ಗೌರವಕ್ಕೆ ತೆತ್ತ ಬೆಲೆಯೂ ಉಂಟು: ಶೃಂಗಾರವನ್ನು ಭಕ್ತಿಯ ಸೋಸಣಿಗೆಯಲ್ಲಿ ಸೋಸಬೇಕಾಯಿತು. ಅತ್ತ 1947ರ ಮದರಾಸು ಶಾಸನವು ದೇವಾಲಯದ ನರ್ತನವನ್ನು ನಿಷೇಧಿಸಿತು. ಕಲೆಗೆ ಮಾನ ದೊರೆತಾಗ, ಅದನ್ನು ಕಾಪಾಡಿಕೊಂಡು ಬಂದಿದ್ದ ಹೆಂಗಸರಲ್ಲಿ ಬಹುಮಂದಿಗೆ ರಂಗವೇ ಉಳಿದಿರಲಿಲ್ಲ.

ಆ ಪರಂಪರೆಯವರೇ ಆದ ಬಾಲಸರಸ್ವತಿ ಈ ಶುದ್ಧೀಕರಣವನ್ನು ಒಪ್ಪಲಿಲ್ಲ. ಶೃಂಗಾರವೇ ಭರತನಾಟ್ಯದ ಪರಮ ರಸವೆಂದೂ, ಅದರಲ್ಲಿ ತೊಳೆಯಬೇಕಾದ ಕೊಳೆಯಿಲ್ಲವೆಂದೂ ಸಾರಿದರು. 1962ರಲ್ಲಿ ಷಾನ್ ಸ್ಥಾಪಿಸಿದ ಜೇಕಬ್ಸ್ ಪಿಲ್ಲೋ ರಂಗದಲ್ಲಿ ಅವರು ನರ್ತಿಸಿದರು. ಗಂಡಸುತನವನ್ನು ಸಾಬೀತುಪಡಿಸಲು ಹೊರಟವನ ಅಂಗಳದಲ್ಲಿ, ತನ್ನ ಬಗ್ಗೆ ಏನನ್ನೂ ಸಾಬೀತುಪಡಿಸಬೇಕಿಲ್ಲದ ಹೆಂಗಸೊಬ್ಬಳ ಅಭಿನಯ ನಡೆಯಿತು.

ಪಾತ್ರದಿಂದ ಬೇರೆಯಾಗಿ ನಿಲ್ಲುವ ಸ್ವಾತಂತ್ರ್ಯ ನಟನಿಗೆ ಸಂದಂತೆ ನಟಿಗೂ, ಕುಲ ಯಾವುದೇ ಇರಲಿ, ಸಲ್ಲತಕ್ಕದ್ದು. ಅಲ್ಲಿಯವರೆಗೆ ವೇಷ ಬೇರೆ, ವ್ಯಕ್ತಿ ಬೇರೆ ಎಂಬ ನಮ್ಮ ಹೆಮ್ಮೆಯ ಮಾತು ಅರ್ಧಸತ್ಯವೇ ಸರಿ.